ಎಣಿಕೆ ಬೇರೆ, ತೂಕ ಬೇರೆ: ಗಾಲ್ಫ್ ಆಟದ ಒಂದು ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ‘ಹಳೆಯ ವಿದ್ಯಾರ್ಥಿಗಳೊಡನೆ ಒಂದು ಗಂಟೆ’ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಪಠ್ಯ)



ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಆಟಗಳ ಬಗ್ಗೆ ಒಂದು ಲೆಕ್ಕ ಹೇಳಿ ಎಂದು ಸಮಿತಿಯವರು ಕೇಳಿದರು. ಕ್ರಿಕೆಟ್ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಈ ಊರಿನಲ್ಲಿ ಯಾರೂ ಆಡದ ಗಾಲ್ಫ್ ಆಟವನ್ನು ಆರಿಸಿಕೊಂಡಿದ್ದೇನೆ. ಆಟ ಹೊಸದಾದರೂ ಅದರೊಳಗಿನ ಪ್ರಶ್ನೆ ಹೊಸದಲ್ಲ.

ಗಾಲ್ಫ್ ಎಂದರೆ ಏನು? ನಮ್ಮ ಚಿನ್ನಿದಾಂಡನ್ನೂ ಗೋಲಿಯಾಟವನ್ನೂ ಒಂದಕ್ಕೊಂದು ಜೋಡಿಸಿದ ಆಟ ಎಂದುಕೊಳ್ಳಿ. ಮೊದಲು ಚೆಂಡನ್ನು ಬಲವಾಗಿ ಬೀಸಿ ಬಹಳ ದೂರ ಹೊಡೆಯಬೇಕು. ಇದು ಡ್ರೈವ್. ಆಮೇಲೆ ಒಂದೋ ಎರಡೋ ಹೊಡೆತದಲ್ಲಿ, ನುಣ್ಣಗೆ ಹುಲ್ಲು ಕತ್ತರಿಸಿದ ‘ಗ್ರೀನ್’ ಎಂಬ ಜಾಗಕ್ಕೆ ಚೆಂಡನ್ನು ಮುಟ್ಟಿಸಬೇಕು. ಅಲ್ಲಿಂದ ಗೋಲಿಯನ್ನು ಗುಳಿಗೆ ಬೀಳಿಸಿದ ಹಾಗೆ, ಮೆಲ್ಲಗೆ ತಳ್ಳಿ ಉರುಳಿಸಿ, ನಾಲ್ಕೂಕಾಲು ಇಂಚು ಅಗಲದ ಕುಳಿಗೆ ಬೀಳಿಸಬೇಕು. ಇದು ಪಟ್. ಹೀಗೆ 18 ಕುಳಿಗಳು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರೇ ಗೆದ್ದವರು. ಮುನ್ನೂರು ಗಜದ ಹೊಡೆತಕ್ಕೂ ಒಂದೇ ಎಣಿಕೆ, ಮೂರು ಇಂಚಿನ ತಳ್ಳುವಿಕೆಗೂ ಒಂದೇ ಎಣಿಕೆ.

ಇಲ್ಲಿಂದಲೇ ಜಗಳ ಶುರು. ಒಳ್ಳೆಯ ಅಂಕ ಬರಬೇಕಾದರೆ ಡ್ರೈವ್ ಮುಖ್ಯವೋ, ಪಟ್ ಮುಖ್ಯವೋ?

ದಕ್ಷಿಣ ಆಫ್ರಿಕದ ಬಾಬಿ ಲಾಕ್ ಎಂಬ ಆಟಗಾರ ಬ್ರಿಟಿಷ್ ಓಪನ್ ಪಂದ್ಯವನ್ನು 1949ರಿಂದ 1957ರ ನಡುವೆ ನಾಲ್ಕು ಸಲ ಗೆದ್ದವರು. ಡ್ರೈವ್ ಹೊಡೆಯುವುದು ನೋಡುವವರ ಖುಷಿಗೆ, ಪಟ್ ಮಾಡುವುದು ದುಡ್ಡಿಗೆ ಎಂಬರ್ಥದ ಮಾತು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆ ಮಾತಿಗೆ ಒಂದು ಲೆಕ್ಕದ ಬೆಂಬಲವೂ ಇತ್ತು. ಸಾಮಾನ್ಯವಾಗಿ ಒಂದು ಮೈದಾನವನ್ನು 72 ಹೊಡೆತಗಳಲ್ಲಿ ಮುಗಿಸುವುದು ಸರಿಯಾದ ಮಟ್ಟ ಎಂದು ನಿಗದಿ ಮಾಡಿರುತ್ತಾರೆ. ಅದರಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಪಟ್‌ಗಳು. ಡ್ರೈವರ್ ಎಂಬ ಉದ್ದದ ಕೋಲನ್ನು ಹಿಡಿಯುವುದು ಹೆಚ್ಚೆಂದರೆ 14 ಸಲ. ಅರ್ಧ ಆಟವೇ ಪಟ್ ಆಗಿರುವಾಗ ಪಟ್ ಮುಖ್ಯ ಎನ್ನಲು ಇನ್ನೇನು ಬೇಕು? ದಶಕಗಳ ಕಾಲ ಆಟಗಾರರು ಹೀಗೆಯೇ ನಂಬಿದ್ದರು.

ಮಕ್ಕಳೇ, ಈ ಲೆಕ್ಕದಲ್ಲಿ ಒಂದು ತೊಡಕಿದೆ. ಪತ್ತೆ ಮಾಡುತ್ತೀರಾ?

ಆ 36ರಲ್ಲಿ ಎಷ್ಟೋ ಪಟ್‌ಗಳು ಒಂದು ಅಡಿ, ಎರಡು ಅಡಿ ದೂರದವು. ಅವನ್ನು ಎಲ್ಲರೂ ಹಾಕುತ್ತಾರೆ. ಎಲ್ಲರೂ ಮಾಡುವ ಕೆಲಸ ಎಷ್ಟೇ ಸಲ ಬಂದರೂ ಒಬ್ಬನನ್ನು ಇನ್ನೊಬ್ಬನಿಗಿಂತ ಮುಂದೆ ತರುವುದಿಲ್ಲ. ಪರೀಕ್ಷೆಯ ಹಾಳೆಯ ಮೇಲೆ ನೋಂದಣಿ ಸಂಖ್ಯೆ ಬರೆಯುವುದು ಅಗತ್ಯ. ಆದರೆ ಅದರಿಂದ ಯಾರಿಗೂ ರ‍್ಯಾಂಕ್ ಬರುವುದಿಲ್ಲ. ನಾವು ಕೇಳಬೇಕಾದದ್ದು ‘ಯಾವುದು ಹೆಚ್ಚು ಸಲ ಬರುತ್ತದೆ’ ಎಂದಲ್ಲ. ‘ಯಾವುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹೆಚ್ಚು ವ್ಯತ್ಯಾಸ ಇದೆ’ ಎಂದು.

ಈ ಪ್ರಶ್ನೆಗೆ ಅಳತೆಯಿಂದ ಉತ್ತರ ಹುಡುಕಿದವರಲ್ಲಿ ಪ್ರಮುಖರು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಈ ಶತಮಾನದ ಆರಂಭದಿಂದ ಅಲ್ಲಿನ ಪಿಜಿಎ ಟೂರ್ ಪಂದ್ಯಗಳಲ್ಲಿ ಪ್ರತಿ ಹೊಡೆತ ಎಲ್ಲಿಂದ ಹೊರಟು ಎಲ್ಲಿಗೆ ಬಿತ್ತು ಎಂಬುದನ್ನು ಅಳೆದು ದಾಖಲಿಸುತ್ತಿದ್ದಾರೆ. ಬ್ರಾಡಿ ಆ ದಾಖಲೆಗಳನ್ನು ಹಿಡಿದು ಕುಳಿತರು. ಅವರ ಉಪಾಯ ಸರಳ. ಕುಳಿಯಿಂದ ಇಷ್ಟು ದೂರದಲ್ಲಿ ಚೆಂಡಿದ್ದರೆ ಅದನ್ನು ಮುಗಿಸಲು ವೃತ್ತಿಪರರಿಗೆ ಸರಾಸರಿ ಎಷ್ಟು ಹೊಡೆತ ಬೇಕು ಎಂದು ಮೊದಲು ಕಂಡುಹಿಡಿದರು. ಆಮೇಲೆ ಪ್ರತಿ ಹೊಡೆತವನ್ನೂ ಆ ಸರಾಸರಿಗೆ ಹೋಲಿಸಿ, ಅದರಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ತೂಗಿದರು. ‘ಸ್ಟ್ರೋಕ್ಸ್ ಗೇನ್ಡ್’ ಎಂಬ ಈ ಕ್ರಮದ ಪಟ್ ಲೆಕ್ಕವನ್ನು 2011ರಲ್ಲಿ ಪಿಜಿಎ ಟೂರ್ ಸ್ವತಃ ಅಳವಡಿಸಿಕೊಂಡಿತು.

ಒಂದು ಉದಾಹರಣೆ ನೋಡೋಣ. ವೃತ್ತಿಪರರು ಮೂರು ಅಡಿಯಿಂದ ನೂರಕ್ಕೆ ಸುಮಾರು 96 ಪಟ್ ಹಾಕುತ್ತಾರೆ. ಎಂಟು ಅಡಿಗೆ ಬಂದರೆ ನೂರಕ್ಕೆ 50 ಮಾತ್ರ. ಇಪ್ಪತ್ತು ಅಡಿಯಿಂದ ಸುಮಾರು 15. ಮೂವತ್ಮೂರು ಅಡಿಯಿಂದ ಅವರಿಗೂ ಸರಾಸರಿ ಎರಡು ಪಟ್ ಬೇಕು. ಈಗ ರಾಮು, ಸೋಮು ಎಂದು ಇಬ್ಬರು ಆಡುತ್ತಿದ್ದಾರೆ ಎನ್ನೋಣ. ರಾಮುವಿನ ಎರಡನೆಯ ಹೊಡೆತ ಕುಳಿಯಿಂದ ಮೂರು ಅಡಿಗೆ ಬಂದು ನಿಂತಿತು. ಒಂದೇ ಪಟ್‌ನಲ್ಲಿ ಮುಗಿಸಿದ. ಸೋಮುವಿನ ಹೊಡೆತ ಮೂವತ್ಮೂರು ಅಡಿಗೆ ನಿಂತಿತು. ಎರಡು ಪಟ್‌ನಲ್ಲಿ ಮುಗಿಸಿದ. ಹಳೆಯ ಲೆಕ್ಕದಲ್ಲಿ ರಾಮುವಿಗೆ ಒಂದು ಪಟ್, ಸೋಮುವಿಗೆ ಎರಡು. ‘ರಾಮು ಪಟ್‌ನಲ್ಲಿ ಗಟ್ಟಿಗ’ ಎಂದು ಜನ ಹೊಗಳುತ್ತಾರೆ. ನಿಜವಾಗಿ ನೋಡಿದರೆ ಪಟ್‌ನಲ್ಲಿ ಇಬ್ಬರೂ ಸರಾಸರಿಯೇ. ರಾಮು ಗಳಿಸಿದ್ದು ಅದಕ್ಕೂ ಹಿಂದಿನ ಹೊಡೆತದಲ್ಲಿ. ಕೆಲಸ ಮಾಡಿದವರು ಒಬ್ಬರು, ಹೆಸರು ಬಂದದ್ದು ಇನ್ನೊಬ್ಬರಿಗೆ. ನಮ್ಮ ಊರಿನಲ್ಲೂ ಇದು ಅಪರೂಪವಲ್ಲ!

ಹೀಗೆ ತೂಗಿದಾಗ ಏನು ಸಿಕ್ಕಿತು? 2004ರಿಂದ 2012ರವರೆಗಿನ ಅಗ್ರ 40 ಆಟಗಾರರು ಉಳಿದವರಿಗಿಂತ ಗಳಿಸಿದ ಲಾಭವನ್ನು ಬ್ರಾಡಿ ಭಾಗ ಮಾಡಿ ತೋರಿಸಿದರು. ಡ್ರೈವ್‌ನಿಂದ ಬಂದದ್ದು ಶೇ. 28. ದೂರದಿಂದ ಗ್ರೀನ್‌ಗೆ ಹೊಡೆಯುವ ಹೊಡೆತಗಳಿಂದ ಶೇ. 40. ಗ್ರೀನ್‌ನ ಅಕ್ಕಪಕ್ಕದ ಸಣ್ಣ ಹೊಡೆತಗಳಿಂದ ಶೇ. 17. ಪಟ್‌ನಿಂದ ಶೇ. 15 ಮಾತ್ರ. ಎಣಿಕೆಯಲ್ಲಿ ಅರ್ಧದಷ್ಟಿದ್ದದ್ದು ತೂಕದಲ್ಲಿ ಏಳರಲ್ಲಿ ಒಂದು ಪಾಲಾಯಿತು.

ಕಾರಣ ಸುಲಭ. 450 ಗಜದ ಕುಳಿಗೆ ಒಬ್ಬ 300 ಗಜ ಡ್ರೈವ್ ಹೊಡೆದರೆ ಅವನಿಗೆ ಉಳಿಯುವುದು 150 ಗಜ. 260 ಗಜ ಹೊಡೆದವನಿಗೆ 190 ಉಳಿಯುತ್ತದೆ. ದೂರ ಹೆಚ್ಚಾದಷ್ಟೂ ಗುರಿ ಹಾರುತ್ತದೆ, ಉಳಿಯುವ ಪಟ್ ಉದ್ದವಾಗುತ್ತದೆ. 2020ರ ಯುಎಸ್ ಓಪನ್‌ನಲ್ಲಿ ಬ್ರೈಸನ್ ಡಿಶ್ಯಾಂಬೊ ನಾಲ್ಕು ದಿನದಲ್ಲಿ 56ರಲ್ಲಿ 23 ಸಲ ಮಾತ್ರ ಚೆಂಡನ್ನು ಫೇರ್‌ವೇ ಎಂಬ ನಡುದಾರಿಯಲ್ಲಿ ಬೀಳಿಸಿದರು. ಉಳಿದ ಸಲ ಪಕ್ಕದ ಎತ್ತರದ ಹುಲ್ಲಿಗೆ ಬಿತ್ತು. ಆದರೂ ಆರು ಹೊಡೆತಗಳ ಅಂತರದಿಂದ ಗೆದ್ದರು. ಅಷ್ಟು ದೂರ ಹೊಡೆದಿದ್ದರಿಂದ ಹುಲ್ಲಿನೊಳಗಿಂದಲೂ ಚಿಕ್ಕ ಕೋಲಿನಲ್ಲೇ ಗ್ರೀನ್ ಮುಟ್ಟಬಹುದಾಗಿತ್ತು. ಹಾಗೆಂದು ಕಣ್ಣುಮುಚ್ಚಿ ಬೀಸಿದರೆ ಆಗದು. ಚೆಂಡು ಮೈದಾನದ ಗಡಿ ದಾಟಿದರೆ ಒಂದು ಹೊಡೆತ ದಂಡ ತೆತ್ತು, ಹೊಡೆದ ಜಾಗಕ್ಕೇ ಹಿಂತಿರುಗಿ ಮತ್ತೆ ಹೊಡೆಯಬೇಕು.

‘ಹಾಗಾದರೆ ನಮ್ಮ ಅದಿತಿ ಅಶೋಕ್?’ ಎಂದು ನೀವು ಕೇಳಬಹುದು, ಕೇಳಲೇಬೇಕು. ಬೆಂಗಳೂರಿನ ಈ ಹುಡುಗಿ 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 67, 66, 68, 68 ಹೊಡೆತಗಳಲ್ಲಿ ನಾಲ್ಕು ಸುತ್ತು ಮುಗಿಸಿ ನಾಲ್ಕನೆಯವರಾದರು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ದೂರ ಹೊಡೆಯುವುದರಲ್ಲಿ ಅವರು ಅಲ್ಲಿದ್ದವರಲ್ಲೇ ಬಹಳ ಹಿಂದೆ. ಬೇರೆಯವರು ಚಿಕ್ಕ ಕೋಲು ಹಿಡಿಯುವ ಕಡೆ ಇವರು ಉದ್ದದ ಕೋಲು ಹಿಡಿಯಬೇಕಿತ್ತು. ಅವರನ್ನು ಪದಕದ ಹತ್ತಿರ ತಂದದ್ದು ಪಟ್.

ಇದು ಬ್ರಾಡಿಯವರ ಲೆಕ್ಕಕ್ಕೆ ವಿರುದ್ಧವಲ್ಲ. ಒಂದು ವಾರದ ಪಂದ್ಯವನ್ನು ಗೆದ್ದವರನ್ನೇ ಬೇರೆಯಾಗಿ ನೋಡಿದರೆ, ಆ ವಾರದ ಲಾಭದಲ್ಲಿ ಪಟ್‌ನ ಪಾಲು ಸುಮಾರು ಮೂರನೇ ಒಂದಕ್ಕೆ ಏರುತ್ತದೆ ಎಂಬುದೂ ಅದೇ ಲೆಕ್ಕದಲ್ಲಿ ಸಿಕ್ಕಿತು. ಪಟ್ ಒಂದು ವಾರ ಕೈಹಿಡಿಯುತ್ತದೆ, ಇನ್ನೊಂದು ವಾರ ಕೈಬಿಡುತ್ತದೆ. ಉದ್ದದ ಹೊಡೆತ ಬಲ್ಲವನ ಬಲ ವರ್ಷವಿಡೀ ಅವನ ಜೊತೆಗಿರುತ್ತದೆ. ಹಾಗಾಗಿ ನನ್ನ ಉತ್ತರ ಇಷ್ಟು: ಆಟಗಾರನ ಮಟ್ಟವನ್ನು ಹೆಚ್ಚಾಗಿ ನಿರ್ಧರಿಸುವುದು ಉದ್ದದ ಹೊಡೆತಗಳು. ಆ ಮಟ್ಟ ಮುಟ್ಟಿದವರ ನಡುವೆ ಈ ವಾರ ಗೆಲ್ಲುವವರು ಯಾರು ಎಂಬುದರಲ್ಲಿ ಪಟ್‌ನ ಕೈ ದೊಡ್ಡದು.

ಈಗ ನಮ್ಮ ಶಾಲೆಯ ಕಡೆ ಬರೋಣ. ಈ ಲೆಕ್ಕದಲ್ಲಿ ನನ್ನನ್ನು ಕಾಡುವ ಒಂದು ವಿಷಯ ಇದೆ. ಪಟ್ ಕಲಿಯಲು ಒಂದು ಪಡಸಾಲೆಯಷ್ಟು ಜಾಗ ಸಾಕು. ಡ್ರೈವ್ ಕಲಿಯಲು ವಿಶಾಲವಾದ ಮೈದಾನ ಬೇಕು. ಫಲ ಕೊಡುವುದು ಡ್ರೈವ್ ಮತ್ತು ಉದ್ದದ ಹೊಡೆತ ಎಂದಾದರೆ, ಮೈದಾನ ಇಲ್ಲದ ಮಕ್ಕಳು ಹಿಂದೆ ಬೀಳುವುದು ಅತಿ ಮುಖ್ಯವಾದ ಜಾಗದಲ್ಲೇ. ಅದಿತಿಗೆ ಎಳವೆಯಲ್ಲೇ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಸಿಕ್ಕಿತು. ಬಡ ಕುಟುಂಬದಿಂದ ಬಂದ ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್‌ಟನ್ ಮೈದಾನದಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದು, ಮುಂದೆ ವೃತ್ತಿಪರ ಆಟಗಾರರಾಗಿ ಏಷ್ಯಾದ ಪಂದ್ಯಗಳಲ್ಲಿ ಆಡಿದರು. ಪ್ರತಿಭೆ ಇಬ್ಬರದೂ. ಆದರೆ ಇಬ್ಬರಿಗೂ ಕಣ್ಣೆದುರಿಗೆ ಒಂದು ಮೈದಾನ ಇತ್ತು ಎಂಬುದನ್ನು ಮರೆಯಬಾರದು.

ನಮ್ಮ ಶಾಲೆಗೆ ಗಾಲ್ಫ್ ಮೈದಾನ ಬೇಡ, ಅದು ಸಾಧ್ಯವೂ ಇಲ್ಲ. ಆದರೆ ಇರುವ ಆಟದ ಮೈದಾನವನ್ನು ಉಳಿಸಿಕೊಳ್ಳಬಹುದು. ಮಹೋತ್ಸವದ ನಿಧಿಯಿಂದ ಹೊಸ ಕಟ್ಟಡ ಆಗಲಿ, ಸಂತೋಷ. ಅದು ಮೈದಾನದ ನಡುವೆ ಬಾರದಿರಲಿ ಎಂದು ಹಿರಿಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಕೇರಂ, ಚದುರಂಗ ಮೂಲೆಯ ಕೊಠಡಿಯಲ್ಲೂ ನಡೆಯುತ್ತವೆ. ಓಡುವುದಕ್ಕೆ, ಎಸೆಯುವುದಕ್ಕೆ, ಮೈತುಂಬಾ ಬಲ ಹಾಕಿ ಹೊಡೆಯುವುದಕ್ಕೆ ಬಯಲೇ ಬೇಕು. ಒಮ್ಮೆ ಕಟ್ಟಡ ಬಂದ ಬಯಲು ಮತ್ತೆ ಬಯಲಾಗುವುದಿಲ್ಲ.

ಮಕ್ಕಳೇ, ನಿಮಗೊಂದು ಕೆಲಸ ಹೇಳುತ್ತೇನೆ. ಈ ಸಲದ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಒಟ್ಟು ಅಂಕ ನೋಡಿ ಮಡಚಿಡಬೇಡಿ. ಎಲ್ಲೆಲ್ಲಿ ಎಷ್ಟೆಷ್ಟು ಅಂಕ ಹೋಯಿತು ಎಂದು ಪಾಠವಾರು ಒಂದು ಪಟ್ಟಿ ಮಾಡಿ. ಹೆಚ್ಚು ಸೋರುತ್ತಿರುವ ಜಾಗವನ್ನು ಮೊದಲು ಮುಚ್ಚಿ. ನೀವು ಹೆಚ್ಚು ಹೊತ್ತು ಓದುತ್ತಿರುವ ಪಾಠವೇ ನಿಮಗೆ ಹೆಚ್ಚು ಅಂಕ ತರುತ್ತಿದೆ ಎಂದೇನಿಲ್ಲ. ಪಟ್ಟಿ ತಂದು ನಿಮ್ಮ ಗಣಿತದ ಮೇಷ್ಟರಿಗೆ ತೋರಿಸಿ.