ರಿಟರ್ನ್ ಸಲ್ಲಿಸಿದ ಮೇಲೆ ಬಂದ ಕಾಗದ
(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟರಿಗೆ ಆದಾಯ ತೆರಿಗೆಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೆಮ್ಮಣ್ಣು, ಹೂಡೆ ಕಡೆಯ ಮನೆಗಳಿಗೆ ಬ್ಯಾಂಕಿನಿಂದ ಕಾಗದ ಬಂದರೆ ಅದನ್ನು ಓದಿ ಹೇಳುವ ಕೆಲಸ ಬೀಳುವುದು ಮನೆಯ ವಿದ್ಯಾರ್ಥಿಯ ಮೇಲೆ, ಇಲ್ಲವೇ ಊರಿನ ಮೇಷ್ಟರ ಮೇಲೆ. ಅದರಲ್ಲೂ ತೆರಿಗೆ ರಿಟರ್ನ್ ಸಲ್ಲಿಸಿ ಮುಗಿದ ಮೇಲೆ ಬರುವ ಕಾಗದ ಬಹಳ ಮಂದಿಯನ್ನು ಕಂಗೆಡಿಸುತ್ತದೆ. ಕೆಲವರು ಹೆದರುತ್ತಾರೆ, ಹೆಚ್ಚಿನವರು ಮಡಚಿ ಕಪಾಟಿನಲ್ಲಿ ಇಡುತ್ತಾರೆ. ಎರಡೂ ಬೇಡ.

ಈ ಕಾಗದ ಯಾವುದು? ಠೇವಣಿಯ ಬಡ್ಡಿಯಿಂದ ಬ್ಯಾಂಕು, ಲಾಭಾಂಶದಿಂದ ಕಂಪೆನಿ ಮೊದಲೇ ತೆರಿಗೆ ಮುರಿದುಕೊಂಡು ಸರಕಾರಕ್ಕೆ ಕಟ್ಟುತ್ತದೆ. ಇದೇ ಟಿಡಿಎಸ್. ಅದಕ್ಕೆ 1961ರ ಕಾಯ್ದೆಯಡಿ ಕೊಡುತ್ತಿದ್ದ ಪ್ರಮಾಣಪತ್ರ ಫಾರ್ಮ್ 16ಎ. ಪ್ಯಾನ್ ಕೊಟ್ಟಿದ್ದರೆ ಬಡ್ಡಿಯ ಮೇಲೆ ನೂರಕ್ಕೆ 10, ಕೊಡದಿದ್ದರೆ 20. ಮಾರ್ಚ್‌ಗೆ ಮುಗಿಯುವ ಕೊನೆಯ ತ್ರೈಮಾಸಿಕದ ಲೆಕ್ಕವನ್ನು ಬ್ಯಾಂಕು ಇಲಾಖೆಗೆ ಕೊಡಲು ಮೇ 31ರವರೆಗೆ ಸಮಯವಿತ್ತು, ಪ್ರಮಾಣಪತ್ರ ಬರುವಾಗ ಜೂನ್ ಮಧ್ಯ. ಏಪ್ರಿಲ್‌ನಲ್ಲೇ ಅವಸರ ಮಾಡಿ ರಿಟರ್ನ್ ಹಾಕಿದವರಿಗೆ ಕಾಗದ ತಡವಾಗಿ ಬಂದಂತೆ ಕಾಣುವುದು ಇದರಿಂದಲೇ. ಬ್ಯಾಂಕು ತನ್ನ ಲೆಕ್ಕವನ್ನು ಆಮೇಲೆ ತಿದ್ದಿದರೆ ಇನ್ನೂ ತಡವಾಗುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ. ಇದು ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಇದೇ ಊರಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿತು. ಹಳೆಯ ಕುಟುಂಬಗಳಲ್ಲಿ ಈ ಬ್ಯಾಂಕುಗಳ ಶೇರುಗಳಿರುವುದು ಅಪರೂಪವಲ್ಲ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. 1000 ಕಾರ್ಪೊರೇಷನ್ ಶೇರಿಗೆ 330 ಯೂನಿಯನ್ ಬ್ಯಾಂಕ್ ಶೇರು, 1000 ಸಿಂಡಿಕೇಟ್ ಶೇರಿಗೆ 158 ಕೆನರಾ ಶೇರು ಸಿಕ್ಕಿದವು. ಅದೇ ದಿನದಿಂದ ಲಾಭಾಂಶದ ತೆರಿಗೆಯೂ ಕಂಪೆನಿಯ ತಲೆಯಿಂದ ಶೇರುದಾರನ ತಲೆಗೆ ಬಂತು. ಹೀಗಾಗಿ ‘ನಮಗೆ ಆ ಬ್ಯಾಂಕಿನ ಶೇರೇ ಇಲ್ಲವಲ್ಲ’ ಎಂದು ಕಾಗದವನ್ನು ಬದಿಗಿಡುವ ಮೊದಲು ಅಜ್ಜನ ಕಾಲದ ಕಡತ ನೋಡಿ.

ಈಗ ಒಂದು ಲೆಕ್ಕ ನೋಡೋಣ. ಗಲ್ಫಿನಿಂದ ಮರಳಿ ಊರಲ್ಲಿ ನೆಲೆಸಿದ, ಅರುವತ್ತು ದಾಟಿದ ಒಬ್ಬರು ಎಂದಿಟ್ಟುಕೊಳ್ಳಿ. ಎರಡು ಬ್ಯಾಂಕಿನಲ್ಲಿ ಠೇವಣಿ. 2024-25ರ ರಿಟರ್ನನ್ನು ಜುಲೈಯಲ್ಲಿ ಒಂದೇ ಬ್ಯಾಂಕಿನ ಕಾಗದ ನೋಡಿ ಹಾಕಿದರು. ಅಕ್ಟೋಬರದಲ್ಲಿ ಇನ್ನೊಂದು ಬ್ಯಾಂಕಿನ 16ಎ ಕೈಗೆ ಬಂತು: ಬಡ್ಡಿ 84,000, ಮುರಿದ ತೆರಿಗೆ 8,400 ರೂಪಾಯಿ. ಇದನ್ನು ಸೇರಿಸಿದರೂ ಒಟ್ಟು ಆದಾಯ 4 ಲಕ್ಷ. ರಿಯಾಯಿತಿ ಕಳೆದು ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಅಂದರೆ 8,400 ಪೂರ್ತಿ ಅವರದೇ ಹಣ. ಆದರೆ ಕೇಳದೆ ಅದು ಮರಳಿ ಬರುವುದಿಲ್ಲ.

ಕೇಳುವ ದಾರಿ ತಿದ್ದುಪಡಿ ರಿಟರ್ನ್. 1961ರ ಕಾಯ್ದೆಯ ಕಲಂ 139(5) ಇದಕ್ಕೆ ಅವಕಾಶ ಕೊಟ್ಟಿತ್ತು. 2024-25ರ ಆದಾಯಕ್ಕೆ ಕೊನೆಯ ದಿನ 2025ರ ಡಿಸೆಂಬರ್ 31. ಇದು ಅಪರಾಧದ ಒಪ್ಪಿಗೆಯಲ್ಲ, ತಪ್ಪಿಗೆ ದಂಡವೂ ಅಲ್ಲ. ಕಾನೂನು ತಾನೇ ಕೊಟ್ಟ ಹಕ್ಕು. ಕ್ರಮ ಇಷ್ಟೇ:

ಒಂದು: ಆದಾಯ ತೆರಿಗೆ ಜಾಲತಾಣದಲ್ಲಿ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಎರಡನ್ನೂ ಇಳಿಸಿಕೊಂಡು ಕೈಯಲ್ಲಿರುವ ಕಾಗದದೊಂದಿಗೆ ಸಾಲುಸಾಲಾಗಿ ಹೋಲಿಸಿ.

ಎರಡು: ತಿದ್ದುಪಡಿ ರಿಟರ್ನ್ ಹಳೆಯದಕ್ಕೆ ಅಂಟಿಸುವ ಚೀಟಿಯಲ್ಲ, ಹಳೆಯದರ ಜಾಗದಲ್ಲಿ ಕೂರುವ ಹೊಸ ರಿಟರ್ನ್. ಬಿಟ್ಟುಹೋದ ಬಡ್ಡಿಯನ್ನು ಮಾತ್ರ ಬರೆದರೆ ಸಾಲದು. ಬಾಡಿಗೆ, ಪಿಂಚಣಿ, ಮೊದಲ ಬ್ಯಾಂಕಿನ ಬಡ್ಡಿ ಎಲ್ಲವನ್ನೂ ಮತ್ತೆ ತುಂಬಬೇಕು. ಮೊದಲ ರಿಟರ್ನಿನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ಕೊಡಬೇಕು.

ಮೂರು: ತೆರಿಗೆ ಹೆಚ್ಚು ಬಂದರೆ ಬಡ್ಡಿ ಸಹಿತ ಮೊದಲು ಚಲನ್ ಕಟ್ಟಿ, ಆಮೇಲೆ ರಿಟರ್ನ್ ಸಲ್ಲಿಸಿ.

ನಾಲ್ಕು: 30 ದಿನಗಳೊಳಗೆ ಇ-ವೆರಿಫೈ ಮಾಡಿ. ಮಾಡದಿದ್ದರೆ ಪಟ್ಟ ಶ್ರಮ ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆ.

ಕಾಗದದಲ್ಲಿ ಟಿಡಿಎಸ್ ಇಲ್ಲ, ಬಡ್ಡಿ ಮಾತ್ರ ಇದೆ ಎನ್ನಿ. ಆಗಲೂ ಸೇರಿಸಬೇಕು. 2025ರ ಏಪ್ರಿಲ್‌ನಿಂದ ಬ್ಯಾಂಕು ತೆರಿಗೆ ಮುರಿಯಲು ಬಡ್ಡಿ 50,000 ದಾಟಬೇಕು, ಹಿರಿಯ ನಾಗರಿಕರಿಗೆ 1 ಲಕ್ಷ ಎಂದಾಯಿತು. ಅದು ಮುರಿಯುವ ಮಿತಿ ಅಷ್ಟೇ, ತೆರಿಗೆ ವಿನಾಯಿತಿಯ ಮಿತಿಯಲ್ಲ. ಕಾಗದವೇ ತಪ್ಪಾಗಿದ್ದರೆ, ಇನ್ನೊಬ್ಬರ ಬಡ್ಡಿ ನಿಮ್ಮ ಪ್ಯಾನ್‌ಗೆ ಸೇರಿದ್ದರೆ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಅವರ ಲೆಕ್ಕ ತಿದ್ದಿಸಿ. ಎಐಎಸ್‌ನಲ್ಲೂ ನಿಮ್ಮ ಆಕ್ಷೇಪ ದಾಖಲಿಸಬಹುದು.

ಗಲ್ಫ್ ಕುಟುಂಬಗಳು ಒಂದು ವಿಷಯ ಗಮನಿಸಬೇಕು. ವಿದೇಶದಲ್ಲಿ ನೆಲೆಸಿದವರ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಖಾಯಂ ಆಗಿ ಊರಿಗೆ ಮರಳಿದ ಮೇಲೆ ಬ್ಯಾಂಕಿಗೆ ತಿಳಿಸಿ ಖಾತೆ ಬದಲಿಸಬೇಕು, ಅಲ್ಲಿಂದಾಚೆ ಬಡ್ಡಿಗೆ ತೆರಿಗೆ ಇದೆ. ಎನ್‌ಆರ್‌ಒ ಖಾತೆಯಲ್ಲಾದರೆ ಬ್ಯಾಂಕು ನೂರಕ್ಕೆ 30 ಮತ್ತು ಸೆಸ್ ಮುರಿಯುತ್ತದೆ. ಅಷ್ಟು ದೊಡ್ಡ ಮೊತ್ತದ ಕಾಗದವನ್ನು ಕಪಾಟಿನಲ್ಲಿಟ್ಟರೆ ನಷ್ಟ ಯಾರಿಗೆ?

ದಿನ ಮೀರಿದರೆ? 2022ರಲ್ಲಿ ಬಂದ ‘ಐಟಿಆರ್-ಯು’ ಎಂಬ ಬಾಗಿಲಿದೆ. ಮೊದಲು ಎರಡು ವರ್ಷವಿದ್ದ ಅವಧಿಯನ್ನು 2025ರಲ್ಲಿ ನಾಲ್ಕು ವರ್ಷಕ್ಕೆ ಹೆಚ್ಚಿಸಿದರು. ಆದರೆ ಕಟ್ಟಬೇಕಾದ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ನೂರಕ್ಕೆ 25, ಆಮೇಲೆ 50, 60, 70 ಹೆಚ್ಚುವರಿ. ಈ ಬಾಗಿಲಿನಿಂದ ಹಣ ಕಟ್ಟಬಹುದು, ಮರುಪಾವತಿ ಕೇಳಲಾಗದು. ನಮ್ಮ ಉದಾಹರಣೆಯ ಹಿರಿಯರು ಡಿಸೆಂಬರ್ ದಾಟಿಸಿದ್ದರೆ 8,400ಕ್ಕಾಗಿ ವಿಳಂಬ ಮನ್ನಿಸಿರೆಂದು ಇಲಾಖೆಯ ಮೇಲಧಿಕಾರಿಗಳಿಗೆ ಅರ್ಜಿ ಹಾಕಿ ಕಾಯಬೇಕಾಗುತ್ತಿತ್ತು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದಾಚೆಯ ಆದಾಯಕ್ಕೆ ಅನ್ವಯಿಸುವುದರಿಂದ ಕಲಂಗಳ ಸಂಖ್ಯೆ ಬೇರೆ. ನಿಮ್ಮ ವರ್ಷದ ಕೊನೆಯ ದಿನಾಂಕವನ್ನು ಜಾಲತಾಣದಲ್ಲೇ ನೋಡಿಕೊಳ್ಳಿ.

ಇನ್ನು ಮುಖ್ಯವಾದ ಮಾತು. ನಮ್ಮಲ್ಲಿ ಕೆಲವರು, ‘ಬಡ್ಡಿ ಹರಾಮ್, ನಾನು ಮುಟ್ಟುವುದಿಲ್ಲ, ಹಾಗಿರುವಾಗ ರಿಟರ್ನಿನಲ್ಲಿ ಯಾಕೆ ಬರೆಯಬೇಕು?’ ಎನ್ನುತ್ತಾರೆ. ಅವರ ಭಾವನೆಯನ್ನು ಗೌರವಿಸುತ್ತೇನೆ. ಆ ಹಣವನ್ನು ಏನು ಮಾಡಬೇಕೆಂದು ಉಲಮಾಗಳಲ್ಲಿ ಕೇಳಿ. ಆದರೆ ಖಾತೆಗೆ ಜಮೆಯಾದದ್ದು ಕಾನೂನಿನ ಕಣ್ಣಿಗೆ ಆದಾಯವೇ. ಬರೆಯದಿದ್ದರೆ ಬಡ್ಡಿ ಇಲ್ಲವಾಗುವುದಿಲ್ಲ, ನಮ್ಮ ಹೇಳಿಕೆ ಮಾತ್ರ ಸುಳ್ಳಾಗುತ್ತದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಲೆಕ್ಕದ ಸತ್ಯಕ್ಕೆ ನಮ್ಮ ದೀನ್ ಕೊಟ್ಟ ಸ್ಥಾನ ಇದರಿಂದ ತಿಳಿಯುತ್ತದೆ.

ವಿದ್ಯಾರ್ಥಿಗಳೇ, ಇದು ನಿಮಗೂ ಸಂಬಂಧಿಸಿದ ವಿಷಯ. ನಿಮ್ಮ ಶಿಕ್ಷಣ ಸಾಲಕ್ಕೆ ಬ್ಯಾಂಕು ಕೇಳುವುದು ತಂದೆಯ ರಿಟರ್ನ್. ಅದರಲ್ಲಿ ಒಂದು ಅಂಕಿ, ಎಐಎಸ್‌ನಲ್ಲಿ ಇನ್ನೊಂದು ಅಂಕಿ ಇದ್ದರೆ ಪ್ರಶ್ನೆ ಬರುವುದು ನಿಮ್ಮ ಸೀಟಿನ ಹೊತ್ತಿಗೆ. ಆದ್ದರಿಂದ ಜೂನ್ ತಿಂಗಳ ಕೊನೆಯ ವಾರ ಒಂದು ಸಂಜೆ ತಂದೆ ತಾಯಿಯ ಜೊತೆ ಕುಳಿತುಕೊಳ್ಳಿ. ಪಾಸ್‌ಬುಕ್‌ಗಳನ್ನೆಲ್ಲ ಹೊರಗೆ ತೆಗೆದು ಎಐಎಸ್ ಜೊತೆ ತಾಳೆ ನೋಡಿದ ಮೇಲೆಯೇ ರಿಟರ್ನ್ ಸಲ್ಲಿಸಲು ಹೇಳಿ. ನವೆಂಬರದಲ್ಲಿ ಇನ್ನೊಮ್ಮೆ ಎಐಎಸ್ ತೆರೆದು ಹೊಸತೇನಾದರೂ ಸೇರಿದೆಯೇ ನೋಡಿ. ಒಟಿಪಿ ಮಾತ್ರ ಫೋನಿನಲ್ಲಿ ಕೇಳಿದ ಯಾರಿಗೂ ಕೊಡಬೇಡಿ. ಲೆಕ್ಕ ಜಟಿಲವಾಗಿದ್ದರೆ ಲೆಕ್ಕಪರಿಶೋಧಕರ ಬಳಿ ಹೋಗಿ. ಆದರೆ ಕಾಗದವನ್ನು ಓದಿಕೊಂಡು ಹೋಗಿ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿಯೂ ನಮ್ಮ ಲೆಕ್ಕದಲ್ಲಿಯೂ ಬರಕತ್ ನೀಡಲಿ. ವಸ್ಸಲಾಮ್.