ಮಿದುಳಿನ ಕೋಶಗಳ ಕುಲಗೋತ್ರ

‘ಆ ಹುಡುಗನ ತಲೆ ಬಹಳ ಚುರುಕು’ ಎಂದು ಹೊಗಳುತ್ತೇವೆ. ‘ಇವನ ತಲೆಯಲ್ಲಿರುವುದು ಬರಿಯ ಮಣ್ಣು’ ಎಂದು ಹಳಿಯುತ್ತೇವೆ. ಎರಡು ಮಾತುಗಳಲ್ಲಿಯೂ ತಲೆಯೊಳಗಿನದು ಒಂದೇ ದ್ರವ್ಯವೆಂಬ ಭಾವನೆ ಅಡಗಿದೆ. ಬರಿಗಣ್ಣಿಗೂ ಅದು ಹಾಗೆಯೇ ಕಾಣುತ್ತದೆ: ಸುಮಾರು 1,400 ಗ್ರಾಂ ತೂಗುವ, ಮೆತ್ತನೆಯ ಒಂದು ಮುದ್ದೆ. ಆದರೆ ಸೂಕ್ಷ್ಮದರ್ಶಕದ ಕೆಳಗೆ ಆ ಮುದ್ದೆಯೇ ಒಂದು ಮಹಾನಗರ. ಜೀವಕೋಶಗಳು ಅದರ ನಿವಾಸಿಗಳು. ಅವುಗಳಲ್ಲಿ ಎಷ್ಟು ಬಗೆ? ಇದು ಬೇರೆ, ಅದು ಬೇರೆ ಎಂದು ವಿಜ್ಞಾನಿಗಳು ಹೇಳುವುದು ಯಾವ ಆಧಾರದ ಮೇಲೆ? ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಸ್ಥೂಲವಾಗಿ ನೋಡಿದರೆ ಮಿದುಳಿನಲ್ಲಿ ಎರಡು ಕುಲಗಳಿವೆ. ಮೊದಲನೆಯದು ನರಕೋಶಗಳದು. ನರಕೋಶಕ್ಕೆ ಒಂದು ಒಡಲು, ಒಡಲಿನಿಂದ ಕವಲೊಡೆದ ರೆಂಬೆಗಳು, ಜೊತೆಗೆ ನೀಳವಾದ ಒಂದು ತಂತು. ರೆಂಬೆಗಳು ಇತರ ಕೋಶಗಳಿಂದ ಸುದ್ದಿಯನ್ನು ಪಡೆಯುತ್ತವೆ. ತಂತು ಅದನ್ನು ವಿದ್ಯುತ್ ಸ್ಪಂದನದ ರೂಪದಲ್ಲಿ ಮುಂದಕ್ಕೆ ಒಯ್ಯುತ್ತದೆ. ಮನುಷ್ಯನ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ ಇವೆಯೆಂದು ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು.

ಎರಡನೆಯ ಕುಲಕ್ಕೆ ಗ್ಲಿಯಾ ಕೋಶಗಳೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಎಂದರೆ ಅಂಟು. ನರಗಳನ್ನು ಹಿಡಿದಿಡುವ ಗೋಂದು ಎಂಬ ಅರ್ಥದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ 1856ರಲ್ಲಿ ಈ ಹೆಸರನ್ನು ಕೊಟ್ಟ. ಹೆಸರಿನ ಪ್ರಭಾವ ಎಷ್ಟೆಂದರೆ, ಬಹುಕಾಲ ಅನೇಕರು ಇವನ್ನು ಸಂದು ತುಂಬುವ ಸಾಮಗ್ರಿಯೆಂದೇ ಬಗೆದರು. ವಾಸ್ತವದಲ್ಲಿ ಈ ಕುಲದೊಳಗೆ ಮುಖ್ಯವಾಗಿ ಮೂರು ಮನೆತನಗಳಿವೆ. ನಕ್ಷತ್ರದ ಆಕಾರದ ಆಸ್ಟ್ರೋಸೈಟ್‌ಗಳು ನರಕೋಶಗಳ ಸುತ್ತಲಿನ ರಾಸಾಯನಿಕ ಸಮತೋಲವನ್ನು ಕಾಯುತ್ತವೆ. ಆಲಿಗೋಡೆಂಡ್ರೋಸೈಟ್‌ಗಳು ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಸುತ್ತಿ, ಸುದ್ದಿಯ ವೇಗವನ್ನು ಹೆಚ್ಚಿಸುತ್ತವೆ. ಮೈಕ್ರೋಗ್ಲಿಯಾಗಳಿಗೆ ಕಾವಲಿನ ಕೆಲಸವೂ ಉಂಟು, ಕಸ ತೆಗೆಯುವ ಕೆಲಸವೂ ಉಂಟು. ಕೊನೆಯ ಎರಡನ್ನು ಬೇರ್ಪಡಿಸಿ ತೋರಿಸಿದ ಕೀರ್ತಿ, 1919ರ ಸುಮಾರಿಗೆ, ಸ್ಪೇನಿನ ಪೀಯೊ ದೆಲ್ ರಿಯೊ ಒರ್ತೇಗಾನಿಗೆ ಸಂದಿತು.

ಇನ್ನು ವಿಂಗಡಣೆಯ ಆಧಾರಗಳು. ಮೊದಲು ಒದಗಿದ್ದು ರೂಪ. ದಟ್ಟವಾದ ಬಿದಿರುಮೆಳೆಯಲ್ಲಿ ಒಂದು ಗಳುವನ್ನು ಬುಡದಿಂದ ತುದಿಯವರೆಗೆ ಗುರುತಿಸುವುದು ಹೇಗೆ ಕಷ್ಟವೋ, ಮಿದುಳಿನಲ್ಲಿ ಒಂದು ಕೋಶವನ್ನು ಗುರುತಿಸುವುದೂ ಹಾಗೆಯೇ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ, ಬೆಳ್ಳಿಯ ಲವಣದಿಂದ ಕೆಲವೇ ಕೋಶಗಳು ಮಾತ್ರ ಕಪ್ಪಾಗಿ, ಇಡಿಯಾಗಿ ಎದ್ದು ಕಾಣುವ ವಿಧಾನವೊಂದನ್ನು ಪ್ರಕಟಿಸಿದ. ಸ್ಪೇನಿನ ರಾಮೊನ್ ಇ ಕಹಾಲ್ ಅದೇ ವಿಧಾನವನ್ನು ಹಿಡಿದು, ಪ್ರತಿಯೊಂದು ನರಕೋಶವೂ ಪ್ರತ್ಯೇಕವಾದ ವ್ಯಕ್ತಿ ಎಂದು ವಾದಿಸಿದ. ಗಾಲ್ಜಿಯಾದರೋ ಅವೆಲ್ಲ ಕೂಡಿದ ಒಂದೇ ಬಲೆ ಎಂದು ನಂಬಿದ್ದ. 1906ರಲ್ಲಿ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು. ಆ ಸಂದರ್ಭದ ಉಪನ್ಯಾಸದಲ್ಲಿಯೂ ಗಾಲ್ಜಿ ತನ್ನ ಪಟ್ಟನ್ನು ಬಿಡಲಿಲ್ಲ. ಕಾಲ ಕಹಾಲನ ಪಕ್ಷವನ್ನು ಎತ್ತಿಹಿಡಿಯಿತು. ರೂಪವನ್ನು ನೋಡಿ ಇಟ್ಟ ಹೆಸರುಗಳು ಇಂದಿಗೂ ಉಳಿದಿವೆ: ಮಿದುಳಿನ ಹೊರಪದರದಲ್ಲಿ ಗೋಪುರದಂಥ ಒಡಲಿನ ಪಿರಮಿಡ್ ಕೋಶಗಳು, ಕಿರುಮಿದುಳಿನಲ್ಲಿ ಕಾಳಿನಂತೆ ಕಿಕ್ಕಿರಿದ ಕಣಕೋಶಗಳು. ಅವುಗಳ ಮೇಲೆಯೇ, ಗೋಡೆಗೆ ಹಬ್ಬಿಸಿದ ಬಳ್ಳಿಯಂತೆ ಚಪ್ಪಟೆಯಾಗಿ ಹರಡಿಕೊಂಡ ಇನ್ನೊಂದು ಕೋಶವಿದೆ. ಅದನ್ನು 1837ರಲ್ಲಿ ವರ್ಣಿಸಿದ ಪುರ್ಕಿಂಜೆಯ ಹೆಸರೇ ಅದಕ್ಕೆ ನಿಂತಿತು.

ಆದರೆ ಉಡುಗೆಯನ್ನು ನೋಡಿ ಮನುಷ್ಯನ ಕಸುಬನ್ನು ನಿರ್ಧರಿಸಲಾದೀತೆ? ಕೆಲವು ನರಕೋಶಗಳು ನೆರೆಯವನ್ನು ಪ್ರಚೋದಿಸುತ್ತವೆ, ಕೆಲವು ಅವುಗಳ ಬಾಯಿ ಮುಚ್ಚಿಸುತ್ತವೆ. ಕೆಲವು ಬಿಡುವಿಲ್ಲದೆ ಮಿಡಿಯುತ್ತವೆ, ಕೆಲವು ತಡೆದು ತಡೆದು ಮಿಡಿಯುತ್ತವೆ. ಆದಕಾರಣ ರೂಪದ ಜೊತೆಗೆ ಮಿಡಿತದ ರೀತಿ, ಸ್ರವಿಸುವ ರಾಸಾಯನಿಕ, ವಾಸಸ್ಥಳ, ನಂಟಸ್ತಿಕೆ ಇವನ್ನೂ ವಿಚಾರಿಸಬೇಕಾಯಿತು.

ಈಚಿನ ವರ್ಷಗಳಲ್ಲಿ ಇನ್ನೂ ಆಳದ ಒಂದು ಆಧಾರ ದೊರೆತಿದೆ. ನಮ್ಮ ಜೀವಕೋಶಗಳಲ್ಲಿರುವ ವಂಶವಾಹಿಗಳ ಗ್ರಂಥ ಬಹುಮಟ್ಟಿಗೆ ಒಂದೇ. ಪ್ರತಿ ಕೋಶವೂ ಓದುವ ಅಧ್ಯಾಯಗಳು ಮಾತ್ರ ಬೇರೆ ಬೇರೆ. ಯಾವ ಕೋಶ ಯಾವ ಅಧ್ಯಾಯಗಳನ್ನು ತೆರೆದಿದೆ ಎಂಬುದನ್ನು ಈಗ ಒಂದೊಂದಾಗಿ ಪರೀಕ್ಷಿಸಬಹುದು. ಹೀಗೆ ಮಾನವ ಮಿದುಳಿನ 30 ಲಕ್ಷಕ್ಕೂ ಮಿಕ್ಕಿದ ಕೋಶಗಳನ್ನು ಪರೀಕ್ಷಿಸಿ, 3,000ಕ್ಕಿಂತ ಹೆಚ್ಚು ಗುಂಪುಗಳನ್ನು 2023ರಲ್ಲಿ ಪ್ರಕಟಿಸಲಾಯಿತು. ಅದೇ ವರ್ಷ ಇಲಿಯ ಮಿದುಳಿನಲ್ಲಿ ಸುಮಾರು 5,300 ಗುಂಪುಗಳನ್ನು ಗುರುತಿಸಿದರು. ಹಾಗಾದರೆ ಇಲಿ ನಮಗಿಂತ ಮೇಲೆ? ಅವಸರ ಬೇಡ. ಗುಂಪುಗಳ ಸಂಖ್ಯೆ ಎಷ್ಟು ಕೋಶಗಳನ್ನು ಆರಿಸಿಕೊಂಡರು, ಗೆರೆಯನ್ನು ಎಷ್ಟು ಸೂಕ್ಷ್ಮವಾಗಿ ಎಳೆದರು ಎಂಬುದನ್ನು ಅವಲಂಬಿಸಿದೆ. ಒಂದು ಆಡುನುಡಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ದಾರಿಹೋಕನಿಗೆ ತಿಳಿಯದಂತೆ, ಇಲ್ಲಿಯೂ ಕೆಲವು ಬಗೆಗಳು ಒಂದರೊಳಗೊಂದು ಕರಗಿಹೋಗುತ್ತವೆ.

ಇಷ್ಟೆಲ್ಲ ಪಟ್ಟಿ ಮಾಡುವುದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಕೈ ನಡುಗುವ, ನಡಿಗೆ ಕುಂಠಿತವಾಗುವ ಪಾರ್ಕಿನ್‌ಸನ್ ರೋಗವನ್ನೇ ನೋಡಿ. ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪುಬಣ್ಣದ ಒಂದು ಸಣ್ಣ ಪಟ್ಟಿಯಿದೆ. ಅಲ್ಲಿನ, ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಈ ರೋಗದಲ್ಲಿ ಸಾಯುತ್ತವೆ. ಮೇಲುನೋಟಕ್ಕೆ ಅವೆಲ್ಲ ಒಂದೇ ಬಗೆಯವೆಂದು ತೋರಬಹುದು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳಲ್ಲಿ ಹತ್ತು ಬಗೆಗಳನ್ನು ಗುರುತಿಸಿತು. ರೋಗದ ಪೆಟ್ಟು ಎಲ್ಲಕ್ಕಿಂತ ಮಿಗಿಲಾಗಿ ಬಿದ್ದಿದ್ದುದು ಒಂದರ ಮೇಲೆ. ಅದರ ಪಕ್ಕದಲ್ಲಿಯೇ ಇರುವ ದಾಯಾದಿಗಳು ಅಷ್ಟಾಗಿ ಸಾಯುವುದಿಲ್ಲವೇಕೆ? ಈಗ ಬಳಕೆಯಲ್ಲಿರುವ ಔಷಧಿಗಳು ರೋಗಿಯ ಕಷ್ಟವನ್ನು ತಗ್ಗಿಸುತ್ತವೆ. ಕೋಶಗಳ ಸಾವನ್ನು ತಡೆಯುವುದಿಲ್ಲ. ತಡೆಯುವ ಮದ್ದನ್ನು ಹುಡುಕುವವರಿಗೆ, ಉಳಿದುಕೊಂಡ ಆ ದಾಯಾದಿಗಳೇ ಸುಳಿವು ಕೊಡಬಹುದು. ಬಗೆಗಳನ್ನು ಬಿಡಿಸಿ ನೋಡದೆ ಇದ್ದಿದ್ದರೆ ಈ ಪ್ರಶ್ನೆಯನ್ನು ಕೇಳುವುದೇ ಸಾಧ್ಯವಿರಲಿಲ್ಲ.