‘ಬನುವಾ’: ಒಂದು ಪದದ ಸಾಗರಯಾನ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹುಟ್ಟಿದ ನೆಲವನ್ನು ಬಿಟ್ಟು ಬಂದು ಇನ್ನೊಂದು ನೆಲದಲ್ಲಿ ಮನೆಮಾಡಿದ ನಮ್ಮಂಥವರಿಗೆ ‘ನಾಡು’ ಎಂಬುದು ಬರಿಯ ನಿಘಂಟಿನ ಪದವಲ್ಲ. ನಾವು ‘ಹೊರನಾಡ’ ಕನ್ನಡಿಗರು. ಆ ವಿಶೇಷಣದಲ್ಲಿ ನಾಡೂ ಇದೆ, ಅದರಿಂದ ಹೊರಗಿರುವಿಕೆಯೂ ಇದೆ. ಈ ದಿನ ನಾನು ಮಾತನಾಡಲಿರುವುದು ‘ನಾಡು’ ಪದವನ್ನು ಕುರಿತಲ್ಲ. ಅದಕ್ಕೆ ಸಾಟಿಯಾಗಬಲ್ಲ, ಸಾಗರದಾಚೆಯ ಒಂದು ಪದವನ್ನು ಕುರಿತು.

ಪಶ್ಚಿಮದಲ್ಲಿ ಮಡಗಾಸ್ಕರ್, ಪೂರ್ವದಲ್ಲಿ ಈಸ್ಟರ್ ದ್ವೀಪ, ದಕ್ಷಿಣದಲ್ಲಿ ನ್ಯೂಜಿಲೆಂಡ್: ಇಷ್ಟು ವಿಸ್ತಾರದಲ್ಲಿ ಹರಡಿರುವ ಸಾವಿರಕ್ಕೂ ಹೆಚ್ಚು ಭಾಷೆಗಳನ್ನು ವಿದ್ವಾಂಸರು ಆಸ್ಟ್ರೊನೇಷಿಯನ್ ಎಂಬ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ಮಲಯ, ಜಾವಾನೀಸ್, ತಗಾಲೋಗ್, ಫಿಜಿಯನ್, ಮಾವೋರಿ, ಹವಾಯಿಯನ್ ಇವೆಲ್ಲ ಒಂದೇ ತಾಯಿಯ ಮಕ್ಕಳು. ಇವುಗಳಲ್ಲಿ ತೈವಾನಿನಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಸಾಗಿದ ಶಾಖೆಗೆ ಮಲಯೊ-ಪಾಲಿನೇಷಿಯನ್ ಎಂದು ಹೆಸರು. ಆ ಶಾಖೆಯ ಮೂಲಭಾಷೆಯಲ್ಲಿ ‘ಬನುವಾ’ ಎಂಬ ಪದವೊಂದಿತ್ತೆಂದು ತುಲನೆಯಿಂದ ಗೊತ್ತಾಗಿದೆ.

ಈ ಪದದ ಸಂತತಿಯನ್ನು ಗಮನಿಸಿ. ಮಲಯದಲ್ಲಿ ‘ಬೆನುವಾ’, ಬುಗಿಸ್ ಭಾಷೆಯಲ್ಲಿ ‘ವನುವಾ’, ಪಾಪುವಾದ ಮೋಟು ಭಾಷೆಯಲ್ಲಿ ‘ಹನುವಾ’, ಫಿಜಿಯಲ್ಲಿ ‘ವನುವಾ’, ಸಮೋವಾದಲ್ಲಿ ‘ಫನುವಾ’, ಟೋಂಗಾದಲ್ಲಿ ‘ಫೊನುವಾ’, ಮಾವೋರಿಯಲ್ಲಿ ‘ಫೆನುವಾ’, ಹವಾಯಿಯಲ್ಲಿ ‘ಹೊನುವಾ’. ಇದು ಕಿವಿಗೆ ತೋರಿದ ಹೋಲಿಕೆ ಮಾತ್ರವಲ್ಲ. ಹಳಗನ್ನಡದ ‘ಪಾಲ್’ ‘ಹಾಲು’ ಆದಂತೆ, ‘ಪೂ’ ‘ಹೂ’ ಆದಂತೆ, ಇಲ್ಲಿಯೂ ಮೊದಲಿನ ಬಕಾರವು ಆಯಾ ಭಾಷೆಯಲ್ಲಿ ನಿಯಮಬದ್ಧವಾಗಿ ಬದಲಾಗಿದೆ.

ಧ್ವನಿಗೆ ನಿಯಮವಿದೆ, ಅರ್ಥಕ್ಕೆ ಅಂಥ ನಿಯಮವಿಲ್ಲ. ಮಲಯದ ‘ಬೆನುವಾ’ ಇಂದು ಏಷ್ಯಾ, ಆಫ್ರಿಕಾಗಳಂಥ ಖಂಡ. ಸುಲಾವೆಸಿಯ ತೊರಾಜರಿಗೆ ‘ಬನುವಾ’ ಎಂದರೆ ಮನೆ. ಫಿಲಿಪ್ಪೀನ್ಸಿನ ಹಿಲಿಗೈನೊನ್ ಭಾಷೆಯಲ್ಲಿ ಅದು ಪಟ್ಟಣ. ಅದೇ ದೇಶದ ಕಪಂಪಾಂಗನ್ ಭಾಷೆಯಲ್ಲಿ ಆಕಾಶ, ವರ್ಷ. ಮೋಟು ಭಾಷೆಯಲ್ಲಿ ಹಳ್ಳಿ. ಪೋರ್ಟ್ ಮೋರ್ಸ್ಬಿಯ ಹನುವಾಬಾಡಾ ಎಂದರೆ ‘ದೊಡ್ಡ ಹಳ್ಳಿ’. ಹವಾಯಿಯಲ್ಲಿ ಭೂಮಿ. ಇನ್ನು ಮಾವೋರಿ, ಸಮೋವಾ, ಟೋಂಗಾಗಳಲ್ಲಿ ಆ ಪದಕ್ಕೆ ನೆಲವೆಂಬ ಅರ್ಥದೊಡನೆ ಗರ್ಭದಲ್ಲಿ ಶಿಶುವನ್ನು ಪೋಷಿಸುವ ಮಾಸು ಎಂಬ ಅರ್ಥವೂ ಇದೆ. ಮಗು ಹುಟ್ಟಿದಾಗ ಆ ಮಾಸನ್ನು ಕುಲದ ನೆಲದಲ್ಲಿ ಹೂಳುವುದು ಮಾವೋರಿಗಳ ಸಂಪ್ರದಾಯ. ಅಲ್ಲಿ ಫೆನುವಾವನ್ನು ಫೆನುವಾಕ್ಕೆ ಒಪ್ಪಿಸುತ್ತಾರೆ.

ಮನೆಯಿಂದ ಆಕಾಶದವರೆಗೆ ಚದುರಿದ ಈ ಅರ್ಥಗಳ ಮೂಲ ಯಾವುದು? ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ 1987ರ ಲೇಖನವೊಂದರಲ್ಲಿ ಆಸ್ಟ್ರೊನೇಷಿಯನ್ ಭಾಷೆಗಳ ಮನೆವಾಚಕ ಪದಗಳನ್ನು ಪರಿಶೀಲಿಸುತ್ತ ಈ ಸಮಸ್ಯೆಯನ್ನು ಎದುರಿಸಿದರು. ಉತ್ತರಕ್ಕೆ ದಾರಿ ತೋರಿಸುವುದು ಬೋರ್ನಿಯೊದ ಇಬಾನ್ ಜನರ ‘ಮೆನೋವಾ’. ಒಂದು ಸಮುದಾಯದ ನೀಳಮನೆ, ಅದರ ಗದ್ದೆ, ತೋಟ, ಹಣ್ಣಿನ ಮರಗಳು, ನೀರು, ಸುತ್ತಣ ಕಾಡು, ಹಿರಿಯರ ಸಮಾಧಿಗಳು ಇಷ್ಟೂ ಸೇರಿ ಒಂದು ಮೆನೋವಾ. ಮೂಲದ ಬನುವಾ ಬರಿಯ ಮನೆಯೂ ಅಲ್ಲ, ಬರಿಯ ಮಣ್ಣೂ ಅಲ್ಲ. ಒಂದು ಜನಸಮುದಾಯದ ಬದುಕನ್ನು ಪೊರೆಯುವ ನೆಲ. ಪ್ರತಿಯೊಂದು ಭಾಷೆಯೂ ಆ ಪೂರ್ಣದಿಂದ ತನಗೆ ಬೇಕಾದ ಅಂಶವನ್ನು ಉಳಿಸಿಕೊಂಡಿತು ಅಥವಾ ಹಿಗ್ಗಿಸಿತು.

ಈ ಪದದ ದಾಖಲೆಯೂ ಹಳೆಯದು. ಸುಮಾತ್ರಾದ ಪಾಲೆಂಬಾಂಗಿನ ಬಳಿ ದೊರೆತ, ಕ್ರಿ.ಶ. 7ನೆಯ ಶತಮಾನದ ಕೆಡುಕನ್ ಬುಕಿಟ್ ಶಾಸನದಲ್ಲಿ ‘ವನುವಾ’ ಪದ ಬರುತ್ತದೆ. ಭಾಷೆ ಹಳೆಯ ಮಲಯ. ಲಿಪಿ ನಮ್ಮ ದಕ್ಷಿಣ ಭಾರತದಿಂದ ಹೋದ ಪಲ್ಲವ ಲಿಪಿ.

ಬಂಧುಗಳೆ, ಪದಗಳ ಅರ್ಥಭೇದ ವಿದ್ವಾಂಸರ ವಿನೋದವಷ್ಟೆ ಎಂದು ಯಾರೂ ಭಾವಿಸಬೇಕಾಗಿಲ್ಲ. ನ್ಯೂಜಿಲೆಂಡಿನ ಮಾವೋರಿಗಳು ತಮ್ಮನ್ನು ‘ತಂಗತ ಫೆನುವಾ’, ಎಂದರೆ ನೆಲದ ಜನ, ಎಂದು ಕರೆದುಕೊಳ್ಳುತ್ತಾರೆ. 1840ರ ವೈಟಾಂಗಿ ಒಪ್ಪಂದದ ಅನಂತರ ಅವರ ಭೂಮಿಯ ಬಹುಭಾಗ ವಲಸೆಗಾರರ ಕೈಸೇರಿತು. 1975ರಲ್ಲಿ ವೃದ್ಧೆ ವಿನಾ ಕೂಪರ್ ಅವರ ನೇತೃತ್ವದಲ್ಲಿ ಮಾವೋರಿಗಳು ಉತ್ತರ ತುದಿಯಿಂದ ರಾಜಧಾನಿ ವೆಲಿಂಗ್ಟನ್ನಿನವರೆಗೆ ಭೂಮಿಗಾಗಿ ಕಾಲ್ನಡಿಗೆ ಮಾಡಿದರು. ಬ್ರಿಟಿಷ್-ಫ್ರೆಂಚ್ ಜಂಟಿ ಆಡಳಿತದಲ್ಲಿದ್ದ ನ್ಯೂ ಹೆಬ್ರಿಡೀಸ್ 1980ರಲ್ಲಿ ಸ್ವತಂತ್ರವಾದಾಗ ‘ವನುವಾಟು’ ಎಂದು ಹೆಸರಿಟ್ಟುಕೊಂಡಿತು. ‘ವನುವಾ’ ನೆಲ, ‘ಟು’ ನಿಲ್ಲುವುದು. ನೆಲ ಕಳೆದುಕೊಂಡವರಿಗೆ ಈ ಪದ ಗುರಾಣಿಯಾಯಿತು.

ಅದೇ ಪದ ಗೋಡೆಯೂ ಆಗಬಲ್ಲದು. ಫಿಜಿಯ ‘ವನುವಾ’ದಲ್ಲಿ ನೆಲ, ಜನ, ಆಚಾರ ಮೂರೂ ಬೇರ್ಪಡಿಸಲಾಗದಂತೆ ಬೆರೆತಿವೆ. ಬ್ರಿಟಿಷ್ ಗವರ್ನರ್ ಆರ್ಥರ್ ಗಾರ್ಡನ್ ಮೂಲನಿವಾಸಿಗಳ ಭೂಮಿ ಪರರಿಗೆ ಮಾರಾಟವಾಗದಂತೆ ತಡೆದ. ಅದೇ ಆಡಳಿತ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ತರಿಸಿತು. 1879ರಿಂದ 1916ರವರೆಗೆ ಸುಮಾರು 60,000 ಜನ ಹೋದರು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ಅವರ ಮಕ್ಕಳು ಮೊಮ್ಮಕ್ಕಳು ಆ ಮಣ್ಣನ್ನು ಗೇಣಿಗೆ ಪಡೆದು ಉತ್ತರು, ಬಿತ್ತರು. ಆದರೆ ಫಿಜಿಯ ಮಾತಿನಲ್ಲಿ ಮೂಲನಿವಾಸಿ ‘ತೌಕೇಯ್’, ನೆಲದೊಡೆಯ. ಬಂದವನು ‘ವುಲಂಗಿ’, ಅತಿಥಿ. ಅತಿಥಿಗೆ ಆದರವುಂಟು, ಒಡೆತನವಿಲ್ಲ. 1987ರ ಸೈನಿಕ ಕ್ರಾಂತಿ, ಪ್ರಧಾನಿಯ ಪದವಿಯನ್ನು ಮೂಲನಿವಾಸಿಗಳಿಗೇ ಮೀಸಲಿಟ್ಟ 1990ರ ಸಂವಿಧಾನ, ಭಾರತೀಯ ಮೂಲದ ಮೊದಲ ಪ್ರಧಾನಿ ಮಹೇಂದ್ರ ಚೌಧರಿಯವರ ಸರಕಾರವನ್ನು 2000ದಲ್ಲಿ ಉರುಳಿಸಿದ್ದು, ಇವೆಲ್ಲದರ ಹಿಂದೆ ಈ ಪ್ರಶ್ನೆಯಿತ್ತು: ವನುವಾದೊಳಗೆ ಯಾರಿದ್ದಾರೆ? 2013ರ ಸಂವಿಧಾನ ಎಲ್ಲ ಪ್ರಜೆಗಳನ್ನೂ ‘ಫಿಜಿಯನ್’ ಎಂದು ಕರೆಯಿತು. ಹೆಸರು ದೊರೆಯಿತು. ನೆಲದ ಬಹುಪಾಲು ಮಾತ್ರ ಇಂದಿಗೂ ಮೂಲನಿವಾಸಿ ಕುಲಗಳದು.

ಇಲ್ಲಿ ಎರಡು ಭಯಗಳು ಎದುರುಬದುರಾಗಿವೆ. ಮಾವೋರಿಗಳಿಗೆ ಆದದ್ದು ತಮಗೂ ಆದೀತೆಂಬ ಮೂಲನಿವಾಸಿಯ ಭಯ ಸುಳ್ಳಲ್ಲ. ನಾಲ್ಕು ತಲೆಮಾರು ಬೆವರು ಸುರಿಸಿಯೂ ಅತಿಥಿಯಾಗಿಯೇ ಉಳಿಯುವ ಉಳುವವನ ಸಂಕಟವೂ ಸುಳ್ಳಲ್ಲ. ಇವೆರಡರಲ್ಲಿ ಒಂದನ್ನಷ್ಟೇ ಕೇಳುವವರು ರಾಜಕಾರಣ ಮಾಡಬಲ್ಲರು, ನ್ಯಾಯ ಮಾಡಲಾರರು.

‘ಮಣ್ಣಿನ ಮಕ್ಕಳು’ ಎಂಬ ಘೋಷಣೆ ನಮಗೆ ಅಪರಿಚಿತವಲ್ಲ. 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರು ಅದನ್ನು ಕೇಳಿದ್ದಾರೆ. ಕರ್ನಾಟಕದೊಳಗೂ ಅದು ಕೇಳಿಬಂದಿದೆ. ಮಲಯದಲ್ಲಿ ‘ಬೆನುವಾ’ ಖಂಡವಾಗಿ ಹಿಗ್ಗಿದೆ. ಮಲೇಶಿಯಾದಲ್ಲಿ ಮಣ್ಣಿನ ಹಕ್ಕಿನ ರಾಜಕಾರಣಕ್ಕೆ ಒದಗಿದ್ದು ಸಂಸ್ಕೃತದಿಂದ ಬಂದ ‘ಬೂಮಿಪುತ್ರ’ ಪದ. ನಾವು ಒಂದೆಡೆ ಒಳಗಿನವರು, ಇನ್ನೊಂದೆಡೆ ಹೊರಗಿನವರು. ಆದಕಾರಣ ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡುವ ಅವಕಾಶ ಹೊರನಾಡಿಗನಿಗೆ ಇದೆ; ನೋಡುವ ಹೊಣೆಯೂ ಇದೆ.

ಕೊನೆಗೆ ಒಂದು ಮಾತು. ಈ ನೆಲ ನಮ್ಮದು ಎಂದು ಸಾರುವ ‘ಬನುವಾ’ ಪದ ಯಾವ ದ್ವೀಪದಲ್ಲೂ ತಾನಾಗಿ ಮೊಳೆತದ್ದಲ್ಲ. ಅದು ದೋಣಿಯಲ್ಲಿ ಬಂದದ್ದು. ಸುಮಾರು 3,000 ವರ್ಷಗಳ ಹಿಂದೆ ಫಿಜಿಗೆ, ಸುಮಾರು 13ನೆಯ ಶತಮಾನದಲ್ಲಿ ನ್ಯೂಜಿಲೆಂಡಿಗೆ ಬಂದಿಳಿದ ನಾವಿಕರು ಗೆಡ್ಡೆಗೆಣಸುಗಳೊಡನೆ ಈ ಪದವನ್ನೂ ತಂದರು. ಇಳಿದ ನೆಲವನ್ನು ಕೃಷಿಯಿಂದ, ಹುಟ್ಟುಸಾವುಗಳಿಂದ ಬನುವಾ ಮಾಡಿಕೊಂಡರು. ಮೊದಲು ಬಂದವರ ಹಕ್ಕನ್ನು ಅಲ್ಲಗಳೆಯಲು ನಾನಿದನ್ನು ಹೇಳುತ್ತಿಲ್ಲ. ನೆಲ ಜನರನ್ನು ಪೊರೆಯುವಂತೆ ಜನರೂ ನೆಲವನ್ನು ಪೊರೆದಾಗ ಮಾತ್ರ ಅದು ಬನುವಾ ಆಗುತ್ತದೆಂಬ ಅರ್ಥ ಆ ಪದದ ಮೂಲದಲ್ಲೇ ಇದೆಯೆಂದು ನೆನಪಿಸಲು ಹೇಳುತ್ತಿದ್ದೇನೆ. ನಾವಿರುವ ಊರಿನ ಭಾಷೆಯನ್ನು ಕಲಿತು, ಅದರ ಕಷ್ಟಸುಖಗಳಲ್ಲಿ ಪಾಲುಗೊಂಡು, ಕನ್ನಡವನ್ನೂ ಬಿಡದೆ ಬಾಳುವುದು ಈ ಅರ್ಥಕ್ಕೆ ಸಲ್ಲುವ ನಡೆ ಎಂದು ನನ್ನ ನಂಬಿಕೆ.